ತೋಟದ ಕೆಲಸಗಾರರ ಲೈನ್ ಮನೆ ಶೌಚಾಲಯದ ರಿಪೇರಿ ಸಿಎಸ್‌ಆರ್ ಲೆಕ್ಕಕ್ಕೆ ಬರುತ್ತಾ?

ಲೆಕ್ಕದ ಪುಸ್ತಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾಫಿ ರೇಟು, ಮಳೆ ಲೆಕ್ಕ, ಆನೆ ಯಾವ ತೋಟದಲ್ಲಿದೆ ಅನ್ನೋದನ್ನೆಲ್ಲ ದಿನಾ ಓದುತ್ತೇನೆ. ಬರೆಯುತ್ತಿರುವುದು ಇದೇ ಮೊದಲು.

ಕೊಡಗಿನ ಸಿದ್ದಾಪುರ ಕಡೆಯ ಒಂದು ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕಂಪನಿ ಹೆಸರು ಕೇಳಬೇಡಿ. ದೊಡ್ಡದೇನಲ್ಲ, ಒಂದೇ ಕುಟುಂಬದ್ದು, ಆದರೆ ಪ್ರೈವೇಟ್ ಲಿಮಿಟೆಡ್. ಇಷ್ಟು ವರ್ಷ ಸಿಎಸ್‌ಆರ್ (ಕಂಪನಿ ಲಾಭದಲ್ಲಿ ಒಂದು ಪಾಲನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕಾದ ಹೊಣೆ) ಅನ್ನೋ ಪದವೇ ನಮ್ಮ ಆಫೀಸಿನಲ್ಲಿ ಕೇಳಿರಲಿಲ್ಲ. ಆಮೇಲೆ ರೋಬಸ್ಟಾ ಕಾಫಿ ರೇಟು ಏರಿದ್ದು ನಿಮಗೆಲ್ಲ ಗೊತ್ತೇ ಇದೆ. 2020ರ ಸುಮಾರಿಗೆ 50 ಕೆಜಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲ 3,500ರ ಆಸುಪಾಸು ಇತ್ತು. 2024ರಲ್ಲಿ 10 ಸಾವಿರ ದಾಟಿತು. ನಮ್ಮ ಲಾಭ ಮೊದಲ ಸಲ 5 ಕೋಟಿ ಗೆರೆ ದಾಟಿ 6 ಕೋಟಿಗೆ ಬಂತು. ಆಡಿಟರ್ ಬಂದವರು, "ಇನ್ನು ನೀವೂ ಸಿಎಸ್‌ಆರ್ ಮಾಡಬೇಕು" ಅಂದರು. ಲೆಕ್ಕ ಹಾಕಿದರೆ 7 ಲಕ್ಷ.

ಈ 7 ಲಕ್ಷ ಎಲ್ಲಿ ಖರ್ಚು ಮಾಡುವುದು ಅಂತ ಮ್ಯಾನೇಜರ್ ಎರಡು ದಿನ ಯೋಚಿಸಿದರು. ಮೂರನೇ ದಿನ ನನ್ನ ಟೇಬಲ್ ಹತ್ತಿರ ಬಂದು, "ಲೈನ್ ಮನೆ ಟಾಯ್ಲೆಟ್ ಹೇಗೂ ಮಾಡಿಸಲೇಬೇಕು. ಅದನ್ನೇ ಹಾಕಿ. ಸ್ವಚ್ಛತೆ ಮತ್ತು ನೈರ್ಮಲ್ಯ ಅಂತ ಬರೆಯಿರಿ" ಅಂದರು. ಕೆಲಸ ಶುರುವಾಗುವ ಮೊದಲೇ ಗೋಣಿಕೊಪ್ಪದಿಂದ ಫ್ಲೆಕ್ಸ್ ಬಂದಿದೆ. ಅದರಲ್ಲಿ ನಗುತ್ತಿರುವ ಮಗುವಿನ ಫೋಟೋ, ಕೆಳಗೆ ನಮ್ಮ ಕಂಪನಿಯ ಹೆಸರು. ಆ ಮಗು ನಮ್ಮ ಲೈನಿನದಲ್ಲ, ಎಲ್ಲಿಂದಲೋ ಇಳಿಸಿಕೊಂಡ ಫೋಟೋ.

ನನಗೆ ಯಾಕೋ ಸರಿ ಕಾಣುತ್ತಿಲ್ಲ. ಲೈನ್ ಮನೆ ನೋಡಿಕೊಳ್ಳುವುದು ಮೊದಲಿಂದಲೂ ತೋಟದ ಹೊಣೆ ಅಲ್ವಾ? ಅದನ್ನೇ ಸಮಾಜಸೇವೆ ಅಂತ ಬರೆದರೆ ಹೇಗೆ? ಆದರೆ ಇನ್ನೊಂದು ಹೆದರಿಕೆಯೂ ಇದೆ. "ಇದು ಸಿಎಸ್‌ಆರ್‌ಗೆ ಬರುವುದಿಲ್ಲ ಸರ್" ಅಂದರೆ ರಿಪೇರಿಯೇ ನಿಂತುಹೋಗಬಹುದು. 22 ಮನೆಗೆ ನಾಲ್ಕು ಟಾಯ್ಲೆಟ್ ಇವೆ. ಅದರಲ್ಲಿ ಎರಡಕ್ಕೆ ಬಾಗಿಲಿಲ್ಲ. ಬಾಯಿ ಮುಚ್ಚಿಕೊಂಡು ಬರೆದುಬಿಟ್ಟರೆ ಆ ಹೆಂಗಸರಿಗೆ ಬಾಗಿಲಾದರೂ ಸಿಗುತ್ತದೆ.

ತಿಳಿದವರು ಹೇಳಿ.

ಚೆರಿ ಚೀಲ

ನಿಮ್ಮ ಮ್ಯಾನೇಜರ್ ಬುದ್ಧಿವಂತ. ನಾನೂ ನಾಳೆಯಿಂದ ಹೆಂಡತಿಗೆ ಮನೆ ಖರ್ಚಿಗೆ ಕೊಡೋದನ್ನು ಮಹಿಳಾ ಸಬಲೀಕರಣ ಅಂತ ಬರೆದುಕೊಳ್ಳುತ್ತೇನೆ.

ಕುಶಾಲನಗರ ಸಿಎಸ್

ನಾನು ಕಂಪನಿ ಸೆಕ್ರೆಟರಿ (ಸಿಎಸ್), ಕಂಪನಿಗಳು ಕಾನೂನು ಪಾಲಿಸುವುದನ್ನು ನೋಡಿಕೊಳ್ಳುವ ಕೆಲಸ. ಇದು ದಿನಾ ನೋಡುವ ವಿಷಯ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ 7 ಲಕ್ಷ ಸರಿ ಇದೆಯಾ ನೋಡೋಣ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ್ದರೆ ಸಾಕು, ಮೂರರಲ್ಲಿ ಒಂದಾದರೂ ಕಂಪನಿ ಬಲೆಗೆ ಬಿತ್ತು ಅಂತಲೇ. ಆದರೆ ಖರ್ಚು ಮಾಡಬೇಕಾದದ್ದು ಆ ಒಂದು ವರ್ಷದ ಲಾಭದ 2% ಅಲ್ಲ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2%. ನಿಮ್ಮಲ್ಲಿ ಹೋದ ವರ್ಷ 6 ಕೋಟಿ, ಅದರ ಹಿಂದೆ ಎರಡೂವರೆ, ಅದಕ್ಕೂ ಹಿಂದೆ 2 ಕೋಟಿ ಇದ್ದಿರಬೇಕು. ಒಟ್ಟು ಹತ್ತೂವರೆ, ಸರಾಸರಿ ಮೂರೂವರೆ, ಅದರ 2% ಅಂದರೆ 7 ಲಕ್ಷ. ಮೊತ್ತ 50 ಲಕ್ಷಕ್ಕಿಂತ ಕಡಿಮೆ ಇರುವುದರಿಂದ ಬೇರೆ ಸಮಿತಿ ಬೇಕಿಲ್ಲ. ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡಬಹುದು.

ಈಗ ಟಾಯ್ಲೆಟ್ ವಿಷಯ. ಯಾವುದಕ್ಕೆಲ್ಲ ಖರ್ಚು ಮಾಡಬಹುದು ಅಂತ ಹೇಳುವ ಕಾಯ್ದೆಯ 7ನೇ ಅನುಸೂಚಿಯಲ್ಲಿ ನೈರ್ಮಲ್ಯ ಇದೆ, ನಿಜ. ನಿಮ್ಮ ಮ್ಯಾನೇಜರ್ ಅಷ್ಟನ್ನೇ ಓದಿ ನಿಲ್ಲಿಸಿದ್ದಾರೆ. 2021ರ ಜನವರಿಯಲ್ಲಿ ತಿದ್ದಿದ ನಿಯಮಗಳಲ್ಲಿ ಸಿಎಸ್‌ಆರ್ ಅಲ್ಲದ್ದು ಯಾವುದು ಅಂತಲೂ ಒಂದು ಪಟ್ಟಿ ಇದೆ. ಕಂಪನಿ ತನ್ನ ಮಾಮೂಲಿ ವ್ಯವಹಾರದಲ್ಲಿ ಮಾಡುವ ಕೆಲಸ ಬರುವುದಿಲ್ಲ. ಸ್ವಂತ ನೌಕರರಿಗಷ್ಟೇ ಉಪಯೋಗವಾಗುವುದು ಬರುವುದಿಲ್ಲ. ಪಕ್ಷಗಳಿಗೆ ಕೊಟ್ಟ ದೇಣಿಗೆ, ಮಾರ್ಕೆಟಿಂಗಿಗಾಗಿ ಕೊಟ್ಟ ಪ್ರಾಯೋಜಕತ್ವ ಬರುವುದಿಲ್ಲ. ಬೇರೆ ಯಾವುದೇ ಕಾನೂನಿನ ಪ್ರಕಾರ ಮಾಡಲೇಬೇಕಾದದ್ದೂ ಬರುವುದಿಲ್ಲ.

ನಿಮ್ಮ ಟಾಯ್ಲೆಟ್ ಸಿಕ್ಕಿಬೀಳುವುದು ಒಂದು ಕಡೆ ಅಲ್ಲ, ಎರಡು ಕಡೆ. ಬಳಸುವವರು ನಿಮ್ಮದೇ ಕೆಲಸಗಾರರು. ಮಾಡಿಸಿಕೊಡುವುದು ಕಾನೂನಿನ ಹೊಣೆ. ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 1951ರದ್ದು. ತೋಟದಲ್ಲಿರುವ ಕಾರ್ಮಿಕ ಕುಟುಂಬಕ್ಕೆ ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ ಆಗಲೇ ಬರೆದಿಟ್ಟಿದ್ದಾರೆ. ಈಗ ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಅಲ್ಲಿ ಮನೆ ಅನ್ನೋದರ ಜೊತೆಗೆ ನೀರು, ಅಡುಗೆಮನೆ, ಶೌಚಾಲಯ ಅಂತ ಬಿಡಿಸಿಯೇ ಹೇಳಿದ್ದಾರೆ.

ಹಾಗಾಗಿ ಉತ್ತರ: ಬರುವುದಿಲ್ಲ. ಬರೆದರೆ ಆ 7 ಲಕ್ಷ ಖರ್ಚೇ ಆಗಿಲ್ಲ ಅಂತ ಲೆಕ್ಕ. ಖರ್ಚಾಗದ ಹಣವನ್ನು ವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ, ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ಅದನ್ನೂ ಕಟ್ಟದಿದ್ದರೆ ಕಂಪನಿಗೆ ದಂಡ ಬಾಕಿ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು. ಮ್ಯಾನೇಜರಿಗೆ ನೀತಿಪಾಠ ಹೇಳಲು ಹೋಗಬೇಡಿ. ಈ ದಂಡದ ಸಾಲನ್ನು ತೋರಿಸಿ.

ನಾಪೋಕ್ಲು ಬೆಳೆಗಾರ

ಇಂಥ ಚರ್ಚೆ ಬಂದಾಗಲೆಲ್ಲ ತೋಟದವರು ಕಳ್ಳರು ಅನ್ನುವಲ್ಲಿಗೇ ಮುಗಿಯುತ್ತದೆ. ಸ್ವಲ್ಪ ನಮ್ಮ ಕಡೆಯದ್ದೂ ಕೇಳಿ.

ನನ್ನದು 18 ಎಕರೆ. ಕಂಪನಿ ಅಲ್ಲ, ಏನೂ ಅಲ್ಲ. ಕೊಡಗಿನಲ್ಲಿ ಹೆಚ್ಚಿನವರು ನನ್ನ ಹಾಗೆಯೇ. ರೇಟು 10 ಸಾವಿರ ಆಯ್ತು ಅಂತ ಎಲ್ಲರೂ ಹೇಳುತ್ತಾರೆ. ಹತ್ತು ವರ್ಷ 3 ಸಾವಿರದಲ್ಲಿ ಹೇಗೆ ಬದುಕಿದಿರಿ ಅಂತ ಯಾರೂ ಕೇಳಲಿಲ್ಲ. ಗೊಬ್ಬರ ಏರಿತು, ಡೀಸೆಲ್ ಏರಿತು. ಕಾಫಿ ಹೂ ಅರಳಿಸುವ ಹೂಮಳೆ ಫೆಬ್ರವರಿಯಲ್ಲಿ ಬರಬೇಕಾದದ್ದು ಬರುವುದಿಲ್ಲ, ಸ್ಪ್ರಿಂಕ್ಲರ್ ಹಾಕಬೇಕು. ಕುಯ್ಲು ಮುಗಿಸಿ ಕಣದಲ್ಲಿ ಹರಡಿದ ಮೇಲೆ ಬೇಡದ ಮಳೆ ಬರುತ್ತದೆ. ಆನೆ ಒಂದು ರಾತ್ರಿ ಬಂದು ಹೋದರೆ ಹದಿನೈದು ವರ್ಷದ ಗಿಡ ಹೋಯಿತು. ಇದರ ಮಧ್ಯೆ ಹಬ್ಬಕ್ಕೆ ಬಟ್ಟೆ, ಮದುವೆಗೆ ಮುಂಗಡ, ಹುಷಾರಿಲ್ಲದಿದ್ದರೆ ಜೀಪು, ಎಲ್ಲ ನಾವೇ. ನನ್ನ ಅಜ್ಜನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ. ಅದಕ್ಕೆ ಯಾರೂ ಸಿಎಸ್‌ಆರ್ ಅಂತ ಹೆಸರಿಡಲಿಲ್ಲ, ಫ್ಲೆಕ್ಸೂ ಹಾಕಲಿಲ್ಲ.

ಕಾನೂನು ಎಲ್ಲ ಕಂಪನಿಗಳಿಗೆ ಇಟ್ಟುಕೊಳ್ಳಿ.

ಕುಶಾಲನಗರ ಸಿಎಸ್

ಬೆಳೆಗಾರರೇ, ಬೇಜಾರು ಮಾಡ್ಕೋಬೇಡಿ. ಸಿಎಸ್‌ಆರ್ ನಿಮಗಿಲ್ಲ, ಸರಿ. ಆದರೆ 1951ರ ಕಾಯ್ದೆ ಕಂಪನಿ ಹೌದೋ ಅಲ್ಲವೋ ಅಂತ ಕೇಳುತ್ತಿರಲಿಲ್ಲ. 5 ಹೆಕ್ಟೇರ್ ಜಾಗ ಮತ್ತು ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ 15 ಜನ ಕೆಲಸಕ್ಕಿದ್ದರು ಅಂದರೆ ಅದರ ಲೆಕ್ಕದಲ್ಲಿ ಅದು ಪ್ಲಾಂಟೇಶನ್ ಆಗುತ್ತಿತ್ತು. 5 ಹೆಕ್ಟೇರ್ ಅಂದರೆ ಹನ್ನೆರಡೂವರೆ ಎಕರೆಗೂ ಸ್ವಲ್ಪ ಕಡಿಮೆ. ಕುಯ್ಲಿನಲ್ಲಿ ನಿಮ್ಮಲ್ಲಿ ಎಷ್ಟು ಜನ ಬರುತ್ತಾರೆ?

ನಾಪೋಕ್ಲು ಬೆಳೆಗಾರ

ಅದನ್ನು ಇಲ್ಲಿ ಹೇಳುವುದಿಲ್ಲ ಬಿಡಿ.

ಲೈನ್ ನಂಬರ್ 7

ನಾನು ಲೈನ್ ಮನೆಯಲ್ಲಿ ಹುಟ್ಟಿದವನು. ಈಗ ಮೈಸೂರಿನಲ್ಲಿ ಕೆಲಸ. ಅಮ್ಮ ಇನ್ನೂ ಅಮ್ಮತ್ತಿ ಹತ್ತಿರದ ತೋಟದಲ್ಲೇ ಇದ್ದಾಳೆ. ನಾವು ಎರವರು, ಇಲ್ಲಿನ ಆದಿವಾಸಿಗಳು. ಕೇಳಿದವರಿಗೆಲ್ಲ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ಟಾಯ್ಲೆಟ್ ಬಾಗಿಲು ಅಂದರೆ ಏನು ಅಂತ ಹೇಳುತ್ತೇನೆ. ನಮ್ಮ ಲೈನಿನಲ್ಲಿ ಒಂಬತ್ತು ಮನೆ, ಒಂದೇ ಹೆಂಚಿನ ಮಾಡು. ಪಕ್ಕದ ಮನೆಯಲ್ಲಿ ಕೆಮ್ಮಿದರೆ ನಮ್ಮ ಮನೆಯಲ್ಲಿ ಎಚ್ಚರ ಆಗುತ್ತಿತ್ತು. ಟಾಯ್ಲೆಟ್ ಇದ್ದದ್ದು ಮನೆಗಳಿಂದ ಕೆಳಗೆ, ಇಳಿಜಾರಿನಲ್ಲಿ, ಹಲಸಿನ ಮರದ ಆಚೆ. ಮಳೆಗಾಲದಲ್ಲಿ ಆ ದಾರಿ ಪಾಚಿ ಕಟ್ಟಿ ಸಾಬೂನಿನ ಹಾಗೆ ಜಾರುತ್ತಿತ್ತು. ತಗಡಿನ ಬಾಗಿಲು, ಕೆಳಗಡೆ ತುಕ್ಕು ತಿಂದು ಒಂದು ಮೊಳ ಖಾಲಿ. ಒಳಗೆ ಚಿಲಕ ಇರಲಿಲ್ಲ. ತೆಂಗಿನ ಹಗ್ಗ ಕಟ್ಟಿದ್ದರು. ಒಳಗೆ ಹೋದವರು ಆ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು. ಅಕ್ಕ ದೊಡ್ಡವಳಾದ ಮೇಲೆ ಅಲ್ಲಿಗೆ ಹೋಗುವುದನ್ನೇ ಬಿಟ್ಟಳು. ಕತ್ತಲಾಗುವವರೆಗೂ ಕಾಯುತ್ತಿದ್ದಳು. ಮಧ್ಯಾಹ್ನ ನೀರು ಕುಡಿಯುತ್ತಿರಲಿಲ್ಲ.

ಕತ್ತಲಾದ ಮೇಲೆ ಯಾರು ಬರುತ್ತಾರೆ ಗೊತ್ತಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ಆನೆ ಮನೆ ಹಿಂದೆಯೇ ನಿಂತಿರುತ್ತದೆ. ಉಸಿರು ಬಿಡುವ ಸದ್ದು ಕೇಳುತ್ತದೆ, ಮೈ ಕಾಣುವುದಿಲ್ಲ. ಅಮ್ಮ ಟಾರ್ಚ್ ಹಿಡಿದು ಮುಂದೆ, ಅಕ್ಕ ಹಿಂದೆ, ನಾನು ಪಾತ್ರೆ ಬಡಿಯಲು ಬಾಗಿಲಲ್ಲಿ.

ಬೆಳೆಗಾರರು ಮುಂಗಡದ ಮಾತು ಹೇಳಿದರು. ಮುಂಗಡ ನಮಗೂ ಕೊಡುತ್ತಿದ್ದರು. ಅಪ್ಪ ತೀರಿಹೋದಾಗ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ತೆಗೆದು ಇನ್ನೂ ಇಷ್ಟಿದೆ ಅಂದ. ಎಷ್ಟು ತೆಗೆದುಕೊಂಡಿದ್ದು, ಎಷ್ಟು ತೀರಿದ್ದು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದ್ದಷ್ಟೇ. ಹಬ್ಬಕ್ಕೆ ಬಟ್ಟೆ ಸಿಕ್ಕಿದ್ದೂ ನಿಜ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಬಟ್ಟೆ ಅವರ ಖುಷಿಗೆ ಕೊಟ್ಟದ್ದು. ಬಾಗಿಲು ನಮಗೆ ಬರಬೇಕಾಗಿದ್ದದ್ದು. ಇವೆರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ನಾವು ಯಾವಾಗಲೂ ಸಾಲಗಾರರೇ.

ಲೆಕ್ಕದ ಪುಸ್ತಕ ಅಕ್ಕ, ಬರೆಯಬೇಡಿ. ಆದರೆ ಬಾಗಿಲು ಹಾಕಿಸಿ.

ಲೆಕ್ಕದ ಪುಸ್ತಕ

ಇದನ್ನು ಊಟದ ಹೊತ್ತಿನಲ್ಲಿ ಓದಿದೆ. ಡಬ್ಬಿ ಹಾಗೇ ಮುಚ್ಚಿಟ್ಟೆ. ನಾನು ಆ ಲೈನಿಗೆ ಹೋಗಿದ್ದು ಎಂಟು ವರ್ಷದಲ್ಲಿ ಎರಡೇ ಸಲ. ಎರಡು ಸಲವೂ ದೀಪಾವಳಿ ಬೋನಸ್ ಕೊಡಲು.

ಸಂಬಳದ ಪಟ್ಟಿಯಲ್ಲಿ ಅವರೆಲ್ಲರ ಹೆಸರು ನನಗೆ ಬಾಯಿಪಾಠ. ಈಗ ಅರ್ಧ ಹೆಸರು ಅಸ್ಸಾಂ, ಜಾರ್ಖಂಡಿನವರದ್ದು.

ಕಾಮರ್ಸ್ ಮೇಷ್ಟ್ರು

ನಾನು ಮಡಿಕೇರಿಯಲ್ಲಿ ಬಿಕಾಂ ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತೇನೆ. ಪಠ್ಯದಲ್ಲಿ ಒಂದು ಪಿರಮಿಡ್ ಚಿತ್ರ ಇದೆ, ಆರ್ಚಿ ಕ್ಯಾರೊಲ್ ಅನ್ನುವ ಅಮೆರಿಕದ ಪ್ರೊಫೆಸರ್ 1991ರಲ್ಲಿ ಬರೆದದ್ದು. ಬುಡದಲ್ಲಿ ಲಾಭ ಮಾಡುವ ಹೊಣೆ. ಅದರ ಮೇಲೆ ಕಾನೂನು ಪಾಲಿಸುವ ಹೊಣೆ. ಅದರ ಮೇಲೆ ನ್ಯಾಯವಾಗಿ ನಡೆದುಕೊಳ್ಳುವ ಹೊಣೆ. ದಾನಧರ್ಮ ತುತ್ತತುದಿಯಲ್ಲಿ, ಚಿಕ್ಕ ತ್ರಿಕೋನ. ಮಕ್ಕಳು ಪರೀಕ್ಷೆಗೆ ನಾಲ್ಕು ಪದ ಬಾಯಿಪಾಠ ಮಾಡಿ ಐದು ಅಂಕ ತೆಗೆಯುತ್ತಾರೆ. ಇನ್ನು ಮೇಲೆ ನಾನು ಈ ಟಾಯ್ಲೆಟ್ ಕಥೆಯನ್ನೇ ಹೇಳುತ್ತೇನೆ. ನಿಮ್ಮ ಮ್ಯಾನೇಜರ್ ಎರಡನೇ ಮೆಟ್ಟಿಲಿನ ಕಲ್ಲು ಕಿತ್ತು ನಾಲ್ಕನೇ ಮೆಟ್ಟಿಲಿಗೆ ಇಡಲು ಹೊರಟಿದ್ದಾರೆ.

ಇನ್ನೊಂದು ಮಾತು. ಕಂಪನಿಗೆ ಲಾಭ ಬಿಟ್ಟು ಬೇರೆ ಹೊಣೆ ಇಲ್ಲ ಅಂದವರೂ ಇದ್ದಾರೆ. ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಹಾಗೆ ಬರೆದು ದೊಡ್ಡ ಗಲಾಟೆ ಎಬ್ಬಿಸಿದರು. ಆರು ವರ್ಷದ ಮೇಲೆ ಅವರಿಗೆ ನೊಬೆಲ್ ಬಂತು. ಅವರನ್ನು ಎತ್ತಿ ಹೇಳುವವರು ಒಂದು ವಿಷಯ ನುಂಗಿಬಿಡುತ್ತಾರೆ. ಕಾನೂನನ್ನೂ ಸಮಾಜದ ನೀತಿಯನ್ನೂ ಪಾಲಿಸಿಕೊಂಡೇ, ಮೋಸ ಮಾಡದೆ ಲಾಭ ಮಾಡಿ ಅಂತ ಫ್ರೀಡ್‌ಮನ್ನೇ ಹೇಳಿದ್ದು. ಆತನ ಲೆಕ್ಕದಲ್ಲೂ ಲೈನ್ ಮನೆಗೆ ಬಾಗಿಲು ಹಾಕಿಸಲೇಬೇಕು.

ಚೆರಿ ಚೀಲ

ಮೇಷ್ಟ್ರೇ, ಅಟೆಂಡೆನ್ಸ್ ಹಾಕ್ಕೊಳ್ಳಿ.

ನಾಪೋಕ್ಲು ಬೆಳೆಗಾರ

ಮೇಷ್ಟ್ರು ಪಿರಮಿಡ್ ಬಗ್ಗೆ ಹೇಳಿದ್ದು ಸರಿ. ನನಗೆ ಒಂದು ಪ್ರಶ್ನೆ. ಬುಡ ಸರಿ ಇಲ್ಲದವನು ತುದಿಯಲ್ಲಿ ಒಳ್ಳೆಯದು ಮಾಡಿದರೆ ಅದು ಸುಳ್ಳಾ? 2011ರಲ್ಲಿ ನನ್ನ ಅತ್ತಿಗೆಗೆ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು. ಜೋರು ಮಳೆ, ನಮ್ಮ ಜೀಪು ಸ್ಟಾರ್ಟ್ ಆಗಲಿಲ್ಲ. 108 ಬಂತು. ಈಗ ಆ ಹುಡುಗ ಪಿಯುಸಿ ಓದುವ ವಯಸ್ಸಿನವನು. ಈ 108 ಮೊದಲು ಶುರು ಮಾಡಿದ್ದು ಯಾರು ಗೊತ್ತಲ್ಲ?

ಕಾಮರ್ಸ್ ಮೇಷ್ಟ್ರು

ಗೊತ್ತು. ಈ ಪ್ರಶ್ನೆ ನನ್ನನ್ನೂ ಕಾಡಿದೆ. ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು 2005ರಲ್ಲಿ ಹೈದರಾಬಾದಿನಲ್ಲಿ ಇಎಂಆರ್‌ಐ ಅನ್ನುವ ಸಂಸ್ಥೆ ಕಟ್ಟಿದರು. 108 ಆಂಬುಲೆನ್ಸ್ ಬಂದದ್ದು ಅಲ್ಲಿಂದ. ಕರ್ನಾಟಕಕ್ಕೆ ಆರೋಗ್ಯ ಕವಚ ಹೆಸರಿನಲ್ಲಿ 2008ರ ನವೆಂಬರಿನಲ್ಲಿ ಬಂತು. ಅದೇ 2008ರಲ್ಲಿ ಸತ್ಯಂಗೆ ಒಳ್ಳೆಯ ಆಡಳಿತಕ್ಕೆ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂತು. 2009ರ ಜನವರಿ 7ರಂದು ರಾಜು ಪತ್ರ ಬರೆದು, ವರ್ಷಗಟ್ಟಲೆ ಲೆಕ್ಕ ತಿರುಚಿದ್ದೇನೆ ಅಂತ ಒಪ್ಪಿಕೊಂಡರು. ಇಲ್ಲದ ಹಣವನ್ನು ಬ್ಯಾಂಕಿನಲ್ಲಿ ಇದೆ ಅಂತ ತೋರಿಸಿದ್ದರು, ಸಾವಿರಾರು ಕೋಟಿ. ಪ್ರಶಸ್ತಿ ವಾಪಸ್ ಹೋಯಿತು. ಆಂಬುಲೆನ್ಸ್ ಓಡುತ್ತಲೇ ಇತ್ತು, ಬೇರೆಯವರು ವಹಿಸಿಕೊಂಡರು.

ನಿಮ್ಮ ಅತ್ತಿಗೆಯ ಮಗನಿಗೆ ಆಂಬುಲೆನ್ಸ್ ಸುಳ್ಳಲ್ಲ. ಷೇರಿಗೆ ದುಡ್ಡು ಹಾಕಿ ಕಳೆದುಕೊಂಡವರಿಗೆ ಲೆಕ್ಕ ನಿಜವಾಗಲಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ವಜಾ ಮಾಡಲು ಬರುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ. ತರಗತಿಯಲ್ಲಿ ಕೇಳಿದರೆ ಅರ್ಧ ಮಕ್ಕಳು ಒಪ್ಪುವುದಿಲ್ಲ.

ಹೊಳೆಕರೆ

ಬರೀ ಲೈನ್ ಮನೆ ಅಲ್ಲ ಸ್ವಾಮಿ, ನೀರಿನ ವಿಷಯವೂ ಇದೇ ಕಥೆ.

ನಮ್ಮ ಮನೆ ಗೋಣಿಕೊಪ್ಪದಿಂದ ಆಚೆ, ತೋಡಿನ ಪಕ್ಕ. ಆ ತೋಡು ಮುಂದೆ ಹೋಗಿ ಲಕ್ಷ್ಮಣತೀರ್ಥ ಸೇರುತ್ತದೆ. ಮೇಲ್ಗಡೆ ತೋಟದವರು ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕುತ್ತಾರೆ. ಡಿಸೆಂಬರಿನಿಂದ ಫೆಬ್ರವರಿವರೆಗೆ, ಅಂದರೆ ತೋಡಿನಲ್ಲಿ ನೀರು ಬೆರಳುದ್ದಕ್ಕೆ ಇಳಿಯುವ ಹೊತ್ತಿಗೇ. ಹಣ್ಣಿನ ಸಿಪ್ಪೆ, ಬೀಜದ ಮೇಲಿನ ಲೋಳೆ, ಎರಡರಲ್ಲೂ ಸಕ್ಕರೆ. ಅದು ನೀರಿಗೆ ಬಿದ್ದರೆ ಕೊಳೆಯುತ್ತದೆ, ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಮೀನು ಹೊಟ್ಟೆ ಮೇಲೆ ಮಾಡುತ್ತವೆ. ನೀರು ಮೊದಲು ಕಂದು, ಆಮೇಲೆ ಕಪ್ಪು. ಹುಳಿ ವಾಸನೆ. ದನ ಕೂಡ ಮೂಸಿ ವಾಪಸ್ ಬರುತ್ತದೆ.

ಎರಡು ವರ್ಷದ ಹಿಂದೆ ಅದೇ ಮೇಲಿನ ತೋಟದವರು ನಮ್ಮೂರ ಶಾಲೆಗೆ ನೀರು ಶುದ್ಧೀಕರಿಸುವ ಮೆಷಿನ್ ಕೊಟ್ಟರು. ದೊಡ್ಡ ಸಮಾರಂಭ, ಶಾಲು, ಹಾರ. ನನ್ನನ್ನೂ ಕರೆದಿದ್ದರು. ನಾನು ಶಾಲು ಹೊದ್ದುಕೊಂಡು ಕೂತಿದ್ದೆ, ತೋಡಿನ ವಾಸನೆ ವೇದಿಕೆವರೆಗೂ ಬರುತ್ತಿತ್ತು. ಮೆಷಿನ್ ಒಳ್ಳೆಯದೇ, ಮಕ್ಕಳು ಕುಡಿಯುತ್ತಾರೆ, ಬೇಡ ಅನ್ನುವುದಿಲ್ಲ. ಆದರೆ ನೀರು ಹಾಳು ಮಾಡಬಾರದು ಅನ್ನುವ ಕಾನೂನು 1974ರಿಂದ ಇದೆ. ತೊಟ್ಟಿ ಕಟ್ಟಿ ಪಲ್ಪರ್ ನೀರು ನಿಲ್ಲಿಸಿಕೊಂಡಿದ್ದರೆ ಮೆಷಿನ್ ದುಡ್ಡು ಉಳಿಯುತ್ತಿತ್ತೇನೋ.

ಶಾಲು ಇನ್ನೂ ಮನೆಯಲ್ಲಿದೆ. ಚಳಿಗೆ ಚೆನ್ನಾಗಿದೆ.

ನಿರ್ವಾಹಕ

ಹೊಳೆಕರೆ ಅವರ ಪೋಸ್ಟಿನ ಕೆಳಗೆ ಇಬ್ಬರು ತೋಟದ ಹೆಸರು ಊಹಿಸಿ ಬರೆದಿದ್ದರು. ಅಳಿಸಿದ್ದೇನೆ. ಹೆಸರು ಬೇಡ, ವಿಷಯ ಸಾಕು.

ಕಣದ ಕಾವಲು

ಒಂದು ಮಾತು ಸೇರಿಸುತ್ತೇನೆ. ಕೆಲಸಗಾರರನ್ನೂ ಪರಿಸರವನ್ನೂ ಚೆನ್ನಾಗಿ ನೋಡಿಕೊಳ್ಳುವ ತೋಟ ಅನ್ನುವ ಸರ್ಟಿಫಿಕೇಟ್ ಇದ್ದರೆ ಎಲ್ಲ ಸರಿ ಅಂತ ಅಂದುಕೊಳ್ಳಬೇಡಿ. ನಮ್ಮಲ್ಲಿ ಆಡಿಟ್‌ಗೆ ಬರುವ ಹಿಂದಿನ ದಿನ ಗ್ಲೌಸ್, ಬೂಟು ಹಂಚುತ್ತಾರೆ. ಮಾರನೇ ದಿನ ಸಂಜೆ ಎಣಿಸಿ ವಾಪಸ್ ಸ್ಟೋರಿಗೆ.

ಆದರೂ ಹೊರಗಿನ ಒತ್ತಡದಿಂದ ಕೆಲಸ ಆಗುತ್ತದೆ ಅನ್ನೋದನ್ನೂ ನೋಡಿದ್ದೇನೆ. ಯುರೋಪಿನವರು 2023ರಲ್ಲಿ ಕಾಡು ಕಡಿದ ಜಾಗದ ಕಾಫಿ ಬೇಡ ಅಂತ ಕಾನೂನು ಮಾಡಿದ್ದಾರಲ್ಲ, 2020ರ ಡಿಸೆಂಬರ್ 31ರ ನಂತರ ಕಡಿದಿರಬಾರದು ಅಂತ. ಜಾರಿ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ. ಆದರೂ ನಮ್ಮ ಸಾಹುಕಾರರು ತೋಟದ ಮೂಲೆ ಮೂಲೆಗೂ ಹೋಗಿ ಮೊಬೈಲಿನಲ್ಲಿ ಗುರುತು ಹಾಕಿಸಿದರು. ನಮ್ಮ ದೇಶದ ಕಾಫಿ ಹೆಚ್ಚಿನ ಪಾಲು ಹೊರಗೇ ಹೋಗುವುದು, ಅದರಲ್ಲೂ ಇಟಲಿ, ಜರ್ಮನಿಗೆ. ಕೊಳ್ಳುವವನು ಕೇಳಿದರೆ ಮಾಡುತ್ತಾರೆ. ಲೈನ್ ಮನೆ ಬಾಗಿಲು ಇಟಲಿಯವನು ಕೇಳುತ್ತಿಲ್ಲ, ಅಷ್ಟೇ.

ಹಾಂ, ಮರೆತಿದ್ದೆ. ತೋಟದೊಳಗೆ ಸಿಲ್ವರ್ ಓಕ್ ನೆಟ್ಟು ಪರಿಸರ ದಿನ ಮಾಡಿದೆವು ಅನ್ನುವವರೂ ಇದ್ದಾರೆ. ಮೆಣಸು ಹಬ್ಬಿಸಲು ನೆಟ್ಟದ್ದು, ಬೆಳೆದ ಮೇಲೆ ಮರ ಮಾರುತ್ತಾರೆ. ಪರಿಸರಕ್ಕೆ ಅದರಲ್ಲಿ ಏನು ಸಿಗುತ್ತದೋ.

ಕುಶಾಲನಗರ ಸಿಎಸ್

ಸಿಲ್ವರ್ ಓಕ್ ಖಂಡಿತ ಬರುವುದಿಲ್ಲ, ಅದು ಮಾಮೂಲಿ ವ್ಯವಹಾರ. ನೌಕರರು ಭಾನುವಾರ ಬಂದು ಗಿಡ ನೆಟ್ಟರು, ಅವರ ಗಂಟೆಗೆ ಇಷ್ಟು ಅಂತ ಲೆಕ್ಕ ಕಟ್ಟುವುದೂ ನಡೆಯುವುದಿಲ್ಲ ಅಂತ ಕಂಪನಿ ವ್ಯವಹಾರಗಳ ಸಚಿವಾಲಯವೇ ಹೇಳಿದೆ.

ಮಕ್ಕಂದೂರು ಮಳೆ

7 ಲಕ್ಷ ಎಲ್ಲಿ ಹಾಕುವುದು ಅಂತ ಯಾರೂ ಹೇಳಲಿಲ್ಲವಲ್ಲ.

2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಇಳಿಯಿತು. ಕ್ಯಾಂಪಿನಲ್ಲಿದ್ದೆವು. ಲಾರಿ ಲಾರಿ ಬಟ್ಟೆ ಬಂತು. ಯಾರದೋ ಹಳೇ ಕೋಟು, ಒಂದು ಕಾಲಿನ ಚಪ್ಪಲಿ, ಜರಿ ಸೀರೆ. ಕೊಟ್ಟವರ ಮನಸ್ಸು ದೊಡ್ಡದು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಆ ವಾರ ನಮಗೆ ಬೇಕಾಗಿದ್ದದ್ದು ಒಳ ಉಡುಪು, ಬಿಪಿ ಮಾತ್ರೆ, ಮಕ್ಕಳ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಒಂದು ಅಂಗಡಿ. ಕೇಳಿದವರು ಒಬ್ಬರೇ ಒಬ್ಬರು. ಯಾವುದೋ ಬ್ಯಾಂಕಿನ ಹುಡುಗಿ ನೋಟ್‌ಬುಕ್ ಹಿಡಿದು ಬಂದು, "ಏನು ಬೇಕು ಹೇಳಿ, ಬರೆದುಕೊಳ್ಳುತ್ತೇನೆ" ಅಂದಳು. ಮಾರನೇ ದಿನ ಮಾತ್ರೆ ಬಂತು.

ಕೇಳಿ ಕೊಡಿ. ಅಷ್ಟೇ ನನ್ನದು.

ಲೈನ್ ನಂಬರ್ 7

ಲೈನಿನ ಮಕ್ಕಳು ಹೋಗುವ ಸರ್ಕಾರಿ ಶಾಲೆಗೆ ಕೊಡಬಹುದಾ? ಅಲ್ಲಿ ಊರಿನ ಮಕ್ಕಳೂ ಇರುತ್ತಾರೆ. ಅಸ್ಸಾಮಿನಿಂದ ಬಂದ ಮಕ್ಕಳಿಗೆ ಕನ್ನಡ ಬರುವುದಿಲ್ಲ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾರೆ. ಕುಯ್ಲು ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಹೊರಟುಹೋಗುತ್ತಾರೆ. ನಾನೂ ಮೂರನೇ ಕ್ಲಾಸಿನವರೆಗೆ ಹಾಗೇ ಕೂತಿದ್ದೆ. ನನ್ನ ಮನೆ ಮಾತು ಮೇಡಂಗೆ ಗೊತ್ತಿರಲಿಲ್ಲ, ಮೇಡಂ ಮಾತು ನನಗೆ.

ಕುಶಾಲನಗರ ಸಿಎಸ್

ಧಾರಾಳವಾಗಿ ಕೊಡಬಹುದು. ಶಿಕ್ಷಣ ಅನುಸೂಚಿಯಲ್ಲಿದೆ. ಎಲ್ಲರಿಗೂ ತೆರೆದಿರುವ ಜಾಗ, ಅದರಲ್ಲಿ ನಿಮ್ಮ ಕೆಲಸಗಾರರ ಮಕ್ಕಳೂ ಇದ್ದರೆ ತೊಂದರೆ ಇಲ್ಲ. ಪೊಳ್ಳಿಬೆಟ್ಟ, ಅಮ್ಮತ್ತಿ ಕಡೆಯವರಿಗೆ ಇದು ಹೊಸದಲ್ಲ. ಟಾಟಾ ಕಾಫಿಯ ನೆರವಿನಲ್ಲಿ ನಡೆದ ಅಮ್ಮತ್ತಿಯ ಆಸ್ಪತ್ರೆಗೆ ಊರವರೂ ಹೋಗುತ್ತಾರೆ, ಸುಂಟಿಕೊಪ್ಪದ ಸ್ವಸ್ಥ ಶಾಲೆಗೆ ವಿಶೇಷ ಚೇತನ ಮಕ್ಕಳು ಯಾರ ಮನೆಯವರಾದರೂ ಬರುತ್ತಾರೆ. ಕಂಪನಿ ಇರುವ ಸುತ್ತಮುತ್ತಲಿನ ಜಾಗಕ್ಕೆ ಮೊದಲು ಕೊಡಿ ಅಂತ ಕಾಯ್ದೆಯೇ ಹೇಳುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಮಧ್ಯದಲ್ಲಿ ಟ್ರಸ್ಟ್ ಬೇಡ, ಕಂಪನಿಯೇ ನೇರ ಮಾಡಲಿ. ಟ್ರಸ್ಟ್ ಮೂಲಕ ಹೋದರೆ ಅದು ಸಿಎಸ್‌ಆರ್-1 ಫಾರ್ಮ್ ತುಂಬಿ ನೋಂದಾಯಿಸಿರಬೇಕು.

ಲೆಕ್ಕದ ಪುಸ್ತಕ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ.

ಸಿಎಸ್ ಅವರು ಹೇಳಿದ ಹಾಗೆ ನಿಯಮದ ಆ ಪುಟ ಪ್ರಿಂಟ್ ತೆಗೆದು, ದಂಡದ ಸಾಲಿಗೆ ಹಳದಿ ಬಣ್ಣ ಹಾಕಿ ಮ್ಯಾನೇಜರ್ ಟೇಬಲ್ ಮೇಲೆ ಇಟ್ಟೆ. ಏನೂ ಮಾತಾಡಲಿಲ್ಲ. ಎರಡು ದಿನ ನನ್ನ ಜೊತೆ ಕಾಫಿಗೂ ಬರಲಿಲ್ಲ. ಮೂರನೇ ದಿನ ಕೇಳಿದರು, "ಹಾಗಾದರೆ ಟಾಯ್ಲೆಟ್ ಬೇಡ್ವಾ?" ನಾನು ಹೆದರಿದ್ದು ಇದಕ್ಕೇ.

ಅಷ್ಟರಲ್ಲಿ ನಾನು ಲೈನಿಗೆ ಹೋಗಿ ಬಂದಿದ್ದೆ. ಸಂಜೆ ಆರೂವರೆಗೆ, ಬೇಕಂತಲೇ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿದ್ದೆ. ಬಾಗಿಲಿಲ್ಲದ ಎರಡು, ಹಗ್ಗ ಕಟ್ಟಿದ ಒಂದು, ದಾರಿಯ ಪಕ್ಕದಲ್ಲಿ ಬಿದ್ದ ಆನೆ ಲದ್ದಿ. ಲದ್ದಿ ಹಸಿಯಾಗಿತ್ತು. ಫೋಟೋ ತೋರಿಸಿ, "ಸರ್, ಇಲ್ಲಿ ಯಾರಿಗಾದರೂ ಏನಾದರೂ ಆದರೆ ಆ ಖರ್ಚು ಯಾವ ಹೆಡ್‌ಗೆ ಬರೆಯಲಿ?" ಅಂದೆ. ನನ್ನ ಧ್ವನಿ ನಡುಗುತ್ತಿತ್ತು. ಧೈರ್ಯಸ್ಥೆ ಅಂತ ಅಂದುಕೊಳ್ಳಬೇಡಿ.

ಈಗ ನಾಲ್ಕಕ್ಕೂ ಬಾಗಿಲು ಬಂದಿದೆ, ಒಳಗೆ ಚಿಲಕವೂ ಇದೆ. ಹೊಸದಾಗಿ ಇನ್ನೆರಡು ಕಟ್ಟಿಸುತ್ತಿದ್ದಾರೆ, ಮನೆಗಳಿಗೆ ಹತ್ತಿರದಲ್ಲಿ. ದಾರಿಗೆ ಒಂದು ಬಲ್ಬ್. ಖರ್ಚನ್ನು ಕಟ್ಟಡ ದುರಸ್ತಿಗೆ ಬರೆದಿದ್ದೇನೆ. 22 ಮನೆಗೆ ಆರು ಸಾಲದು, ಗೊತ್ತು. ಆನೆ ಬಾರದಿರಲಿ ಅಂತ ಅಲ್ಲಿನ ಹಲಸಿನ ಮರ ಕಡಿಯೋಣ ಅಂದರು. ಅಲ್ಲಿನ ಹೆಂಗಸರೇ ಬೇಡ ಅಂದರು, ಅವರಿಗೂ ಹಲಸು ಬೇಕು.

7 ಲಕ್ಷ ಶಾಲೆಗೆ. ಮೊದಲು ಕೇಳಿದೆವು. ಹೆಡ್ ಮೇಡಂ ಕಂಪ್ಯೂಟರ್ ಕೇಳಬಹುದು ಅಂದುಕೊಂಡಿದ್ದೆ. ಮೇಡಂ ಕೇಳಿದ್ದು ಕನ್ನಡ, ಹಿಂದಿ ಎರಡೂ ಬರುವ ಒಬ್ಬರು ಟೀಚರ್, ಎರಡು ವರ್ಷಕ್ಕೆ. ನಿರ್ದೇಶಕರು ಒಪ್ಪಿದ್ದಾರೆ. ಎರವ ಮಕ್ಕಳ ಮಾತು ಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು ಅಂತ ನಾನು ಸೇರಿಸಿದೆ. ಲೈನ್ ನಂಬರ್ 7, ನಿಮಗೆ ಯಾರಾದರೂ ಗೊತ್ತಿದ್ದರೆ ಹೇಳಿ.

ಸಿಎಸ್ ಅವರೇ, ಒಂದು ಕೊನೆಯ ಪ್ರಶ್ನೆ. ಆ ಫ್ಲೆಕ್ಸ್ ಈಗ ಲೈನಿನಲ್ಲಿ ಸೌದೆ ಮೇಲೆ ಹೊದಿಸಿದ್ದಾರೆ, ಮಗುವಿನ ಮುಖ ಒಳಗಡೆ. ಮಳೆಗೆ ಗಟ್ಟಿ ಇದೆಯಂತೆ. ಅದರ ಬಿಲ್ 2,400 ರೂಪಾಯಿ ಇನ್ನೂ ನನ್ನ ಟ್ರೇಯಲ್ಲಿದೆ. ಯಾವ ಹೆಡ್‌ಗೆ ಹಾಕಲಿ?

ಕುಶಾಲನಗರ ಸಿಎಸ್

ಜಾಹೀರಾತು.

ಚೆರಿ ಚೀಲ

ಸೌದೆ ಒದ್ದೆಯಾಗಲಿಲ್ಲ ಅಂದರೆ ಅದೂ ದುರಸ್ತಿಯೇ ಬಿಡಿ.